ಶನಿವಾರ ಎರಡು ಗಂಟೆ, ಒಂದು ಕೋಣೆ

ಮಾನ್ಯರೇ,

ನನ್ನ ತಂಗಿಯ ಮಗನಿಗೆ ಆಟಿಸಂ, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ರೀತಿ ಇರುವ ಸ್ಥಿತಿ. ವಯಸ್ಸು ಒಂಬತ್ತು. ಕುಕ್ಕರ್ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾನೆ. ಬಾಟಲಿ ಮುಚ್ಚಳಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುವಾಗ ಮಾತ್ರ ಅವನ ಮುಖದಲ್ಲಿ ನೆಮ್ಮದಿ. ಮದುವೆ ಮನೆಗೆ ಹೋದರೆ ‘ಮಗನಿಗೆ ಬುದ್ಧಿ ಕಲಿಸಿಲ್ಲ’ ಎಂಬ ಮಾತು. ತಂಗಿ ಈಗ ಎಲ್ಲಿಗೂ ಹೋಗುವುದಿಲ್ಲ.

ಬೆಂಗಳೂರಿನ ಆಶಾ ಅಕಾಡೆಮಿ 1995ರಿಂದ ಇಂಥ ಮಕ್ಕಳಿಗಾಗಿ ದುಡಿಯುತ್ತಿದೆ. ದೊಡ್ಡ ಕೆಲಸ. ಆದರೆ ತಾಲ್ಲೂಕಿನವರು ವಾರವಾರ ಅಲ್ಲಿಗೆ ಹೋಗುವುದು ಹೇಗೆ? ಬಸ್ಸಿನ ಗಲಾಟೆಯೇ ಆ ಮಗುವಿಗೆ ಜಾಸ್ತಿ. ನಮ್ಮೂರಿನ ರೋಟರಿ, ಮಹಿಳಾ ಸಮಾಜ, ಮಠಗಳು ಶನಿವಾರ ಎರಡು ಗಂಟೆ ಸದ್ದಿಲ್ಲದ ಒಂದು ಕೋಣೆ ಕೊಡಲಿ. ತಿಂಗಳಿಗೊಮ್ಮೆ ಥೆರಪಿಸ್ಟ್ ಒಬ್ಬರನ್ನು ಕರೆಸಲಿ. ತಾಯಂದಿರು ಸುಮ್ನೆ ಕೂತು ಮಾತಾಡಿಕೊಂಡರೂ ಮನಸ್ಸು ಹಗುರ, ಅಲ್ವಾ?

ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಥೆರಪಿ ಖರ್ಚೂ ಅದರಲ್ಲಿ ಸೇರಿದೆ. ಇದು ನಮಗೆ ಗೊತ್ತಾಗಿದ್ದೇ ಮೊನ್ನೆ ಮೊನ್ನೆ. ಅರ್ಜಿ ತುಂಬಿಕೊಡಲು ಯಾರಾದರೂ ಕೂತರೆ ಎಷ್ಟೋ ಮನೆಗಳಿಗೆ ಉಪಕಾರ. ಜಾಗ ಕೊಡುವವರು ಸಿಕ್ಕರೆ ಚಾಪೆ, ಕುರ್ಚಿ ನಾನೇ ತರುತ್ತೇನೆ.

– ಒಬ್ಬ ಓದುಗ, ಅರಸೀಕೆರೆ