ಮಗಳಿಗೊಂದು ಪತ್ರ: ಮೊದಲು ಉಪ್ಪು ತೊಳಿ, ಆಮೇಲೆ ಚಹಾ ಕುಡಿ

ಯಾದಗಿರಿ

ಮಗಳೇ, ನನ್ನವ್ವಾ,

ನಿನ್ನ ಟೂರಿಸ್ಟ್ ಬೋಟಿನ ಇಂಜಿನ್ ತಣಿಸಿದ ನೀರು ಹೊರಗೆ ಚಿಮ್ಮುವ ಹಿಂದಿನ ಸಣ್ಣ ತೂತಿನಿಂದ ನೀರು ಸಣ್ಣಗೆ ಬರುತ್ತಿದೆ ಅಂತ ನಿನ್ನೆ ಫೋನಿನಲ್ಲಿ ಅಂದೆ. ನಾನು ಹೇಳಲು ಶುರು ಮಾಡಿದೆ, ನೀನು ಹೂಂ ಹೂಂ ಅಂದು, ಟೂರಿಸ್ಟರು ಬಂದರು ಅಂತ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಜೀವಮಾನ ಪೂರ್ತಿ ಪಂಪ್‌ಸೆಟ್ ಬಿಚ್ಚಿದವನು ಕಾರವಾರದ ಬೋಟಿನ ಬಗ್ಗೆ ಏನು ಹೇಳ್ತಾನೆ ಅಂತ ನಗಬೇಡ.

2020ರ ಅಕ್ಟೋಬರಿನಲ್ಲಿ ಭೀಮಾ ತುಂಬಿ ಬಂದಿತ್ತಲ್ಲ, ಆಗ ಜನರನ್ನು ದಾಟಿಸಲು ತಂದಿದ್ದ ಒಂದು ಬೋಟಿನ ಇಂಜಿನ್ ಕಾದು ಕಾದು ನಿಂತು ನನ್ನ ಹತ್ತಿರ ಬಂತು. ಮೊದಲು ಸಮುದ್ರದಲ್ಲಿ ಓಡಿದ ಇಂಜಿನ್ ಅದು, ತೊಳೆಯದೆ ಹಾಗೇ ಮೂಲೆಗೆ ಇಟ್ಟಿದ್ದರು. ಇಂಜಿನ್ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ನ ಮುಚ್ಚಳ ತೆಗೆದೆ ನೋಡು, ಒಳಗೆಲ್ಲ ಬಿಳಿ ಹಕ್ಕಳೆ. ಕಾಲುವೆ ನೀರು ಜಾಸ್ತಿ ಬಿಟ್ಟು ಸವಳು ಹಿಡಿದ ಹೊಲ ನೋಡಿದ್ದೀಯಲ್ಲ, ಥೇಟ್ ಹಾಗೇ. ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು, ಮತ್ತೆ ನಿನ್ನ ಇಂಜಿನ್ ತಣ್ಣಗಿರಲು ಇಡೀ ದಿನ ಅದೇ ನೀರನ್ನು ಎಳೆದು ಉಗುಳುತ್ತದೆ. ಸಂಜೆ ಬಿಸಿ ಇಂಜಿನ್ ಆರಿಸಿ ಮನೆಗೆ ಹೋಗ್ತೀರಲ್ಲ, ನಿಜವಾದ ಹಾಳು ಆಗಲೇ ಶುರು. ಅಲ್ಯುಮಿನಿಯಂಗೆ ಕೆಂಪು ತುಕ್ಕು ಬರುವುದಿಲ್ಲ. ಬಣ್ಣ ಉಬ್ಬಿ ಕೆಳಗೆ ಬಿಳಿ ಪುಡಿ ಏಳುತ್ತದೆ, ಆಮೇಲೆ ಗುಂಡಿ ಬೀಳುತ್ತದೆ.

ಹಾಗಾಗಿ ಕೊನೆಯ ಟ್ರಿಪ್ ಮುಗಿದ ಕೂಡಲೇ, ಚಹಾಕ್ಕೂ ಮೊದಲು, ಸಿಹಿ ನೀರು ಬಿಟ್ಟು ಒಳಗೆ ತೊಳಿ. ಹೆಡ್‌ಫೋನ್ ಹಾಗಿರುವ ರಬ್ಬರ್ ಬಟ್ಟಲು ಸಿಗುತ್ತದಲ್ಲ, ಅದನ್ನು ನೀರೆಳೆಯುವ ಜಾಗಕ್ಕೆ ಸಿಕ್ಕಿಸಿ, ಮೊದಲು ನಲ್ಲಿ ಬಿಡು, ಆಮೇಲೆ ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಮಾಡು. ಈ ಕ್ರಮ ತಪ್ಪಬೇಡ. ನೀರಿಲ್ಲದೆ ತಿರುಗಿದರೆ ನೀರೆಳೆಯುವ ಒಳಗಿನ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ಬೋಟ್ ತಳ್ಳುವ ಫ್ಯಾನಿನ ಹತ್ತಿರ ಯಾರೂ ನಿಲ್ಲಬಾರದು. ಮುಗಿದ ಮೇಲೆ ಇಂಜಿನ್ ನೆಟ್ಟಗೆ ಇಟ್ಟು ನೀರೆಲ್ಲ ಇಳಿಯಲಿ.

ಈಗ ನೀರು ಸಣ್ಣಗೆ ಬರುತ್ತಿದೆ ಅಂದೆಯಲ್ಲ, ಮೊದಲು ಆ ತೂತಿಗೆ ಮೀನಿನ ಗಾಳದ ದಾರ ಹಾಕಿ ಚುಚ್ಚಿ ನೋಡು, ಉಪ್ಪೋ ಮರಳೋ ಕಟ್ಟಿರಬಹುದು. ಅದಲ್ಲದಿದ್ದರೆ ಇಂಪೆಲ್ಲರ್ ಬದಲಿಸು. ಉಪ್ಪು ನೀರಿನಲ್ಲಿ ವರ್ಷಕ್ಕೊಂದು ಅಂತ ಇಟ್ಟುಕೋ, ದುಡ್ಡು ಉಳಿಸುವ ಜಾಗ ಅದಲ್ಲ.

ನೀರಿನಲ್ಲಿ ಮುಳುಗಿರುವ ಇಂಜಿನ್ ಕಾಲಿಗೆ ಒಂದು ಲೋಹದ ತುಂಡು ಬಿಗಿದಿರುತ್ತದೆ, ಆನೋಡ್ ಅನ್ನುತ್ತಾರೆ. ನಮ್ಮ ಬೀದರಿನವರು ಬಿದರಿ ಹೂಜಿಗೆ ತಾಮ್ರ ಬೆರೆಸಿ ಕರಗಿಸುವ ಸತು ಇದೆಯಲ್ಲ, ಹೆಚ್ಚಾಗಿ ಅದೇ. ಉಪ್ಪು ನೀರಿನಲ್ಲಿ ಬೇರೆ ಬೇರೆ ಲೋಹ ಸೇರಿದರೆ ಬ್ಯಾಟರಿ ಇದ್ದಂತೆ, ಯಾವುದು ಬೇಗ ಕರಗುವಂಥದ್ದೋ ಅದು ಮೊದಲು ಸವೆಯುತ್ತದೆ. ಸತು ಸವೆದರೆ ಇಂಜಿನ್ ಉಳಿಯುತ್ತದೆ. ನಿಮ್ಮದು ಕಾಳಿ ನದಿಯ ಅಳಿವೆ, ಒಮ್ಮೆ ಸಿಹಿ ಒಮ್ಮೆ ಉಪ್ಪು. ಅಲ್ಲಿಗೆ ಅಲ್ಯುಮಿನಿಯಂ ಆನೋಡ್ ವಾಸಿ, ಯಾಕೆಂದರೆ ಸಿಹಿ ನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಸುಮ್ನೆ ಕೂತುಬಿಡುತ್ತದೆ. ಅರ್ಧ ಸವೆದರೆ ಬದಲಿಸು. ಮೇಲೆ ಬಣ್ಣ ಮಾತ್ರ ಬಳಿಯಬೇಡ. ಚೆಂದ ಕಾಣಲಿ ಅಂತ ಹುಡುಗರು ಬಳಿದುಬಿಡುತ್ತಾರೆ, ಬಳಿದ ಆನೋಡ್ ಇದ್ದರೂ ಇಲ್ಲದಂತೆ.

ಸ್ಟೀಲ್ ಬೋಲ್ಟು ಅಲ್ಯುಮಿನಿಯಂನಲ್ಲಿ ಹಿಡಿದುಕೊಂಡರೆ ತೆಗೆಯಲು ಹೋದಾಗ ಮುರಿಯುತ್ತದೆ, ಹಾಕುವಾಗಲೇ ಮರೈನ್ ಗ್ರೀಸ್ ಹಚ್ಚು. ಬ್ಯಾಟರಿ ಟರ್ಮಿನಲ್‌ಗೆ ವ್ಯಾಸಲೀನ್ ಸಾಕು.

ಮಳೆಗಾಲಕ್ಕೆ ಬೋಟ್ ನಿಲ್ಲಿಸುವ ಮೊದಲೇ ಮೆಕ್ಯಾನಿಕ್‌ಗೆ ಹೇಳಿಡು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ, ಮೀನುಗಾರರ ಯಾಂತ್ರಿಕ ಬೋಟುಗಳೂ ದಡದಲ್ಲಿರುತ್ತವೆ, ಎಲ್ಲರೂ ಆಗಲೇ ರಿಪೇರಿಗೆ ಬೀಳುತ್ತಾರೆ, ನಿನ್ನನ್ನು ಯಾರು ಕೇಳುತ್ತಾರೆ? ಹಳೇ ಪೆಟ್ರೋಲ್ ಟ್ಯಾಂಕಿನಲ್ಲಿ ಬಿಡಬೇಡ, ಈಗಿನದರಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ, ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕೊಟ್ಟು ಕಳಿಸುತ್ತೇವೆ. ಈ ಭಾನುವಾರ ಗೇರ್ ಆಯಿಲ್ ಕೆಳಗಿನ ಸ್ಕ್ರೂ ಬಿಚ್ಚಿ ಸ್ವಲ್ಪ ಇಳಿಸಿ ಫೋಟೋ ಕಳಿಸು. ಹಾಲು ಬೆರೆತ ಚಹಾದ ಹಾಗಿದ್ದರೆ ಸೀಲ್ ಹೋಗಿ ನೀರು ಹೊಕ್ಕಿದೆ ಅಂತ ಅರ್ಥ. ಆಗ ಟೂರಿಸ್ಟರು ಎಷ್ಟೇ ಬಂದಿರಲಿ, ಬೋಟ್ ತೆಗೆಯಬೇಡ, ನನಗೆ ಫೋನ್ ಮಾಡು.

ನಿನ್ನ ಅಪ್ಪ