ಇದ್ದಿಲು ಎಣಿಸುವ ಮಗಳಿಗೆ

ಪುಟ್ಟೀ,

ಭಾನುವಾರ ಫೋನ್ ಕಟ್ಟಾದದ್ದು ನೆಟ್‌ವರ್ಕಿನಿಂದ ಅಲ್ಲ. ನಾನೇ ಕಟ್ ಮಾಡಿದೆ. ನಿಮ್ಮಮ್ಮನಿಗೆ ನೆಟ್‌ವರ್ಕ್ ಅಂತಲೇ ಹೇಳಿದ್ದೇನೆ, ಕೇಳಿದರೆ ನೀನೂ ಹಾಗೇ ಹೇಳು. ಗುರುವಾರ ಆ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿಯುತ್ತೇನೆ, ಅಲ್ಲಿ ಸಿಗ್ನಲ್ ಇರೋಲ್ಲ ಅಂತ ನೀನು ಅಂದಿದ್ದೆ. ಅದಕ್ಕೇ ಇವತ್ತೇ ಬರೆದು, ಪಕ್ಕದ ಮನೆ ಹುಡುಗನ ಕೈಲಿ ಫೋಟೋ ತೆಗೆಸಿ ಕಳಿಸುತ್ತಿದ್ದೇನೆ.

ಮೊದಲು ಆ ಐಸಿನ ವಿಷಯ. ದಪ್ಪ ಎಷ್ಟಿದೆ ಅಂತ ಅಳೆದೇ ಕಾಲಿಡಬೇಕು. ಒಂದು ಕಡೆ ಅಳೆದರೆ ಸಾಲದು, ನಡೆಯುತ್ತಾ ಹೋದಂತೆ ಅಳೆಯಬೇಕು. ನೀರು ಒಳಗೆ ಬರುವ ಕಡೆ, ಹೊರಗೆ ಹೋಗುವ ಕಡೆ ತೆಳ್ಳಗಿರುತ್ತದಂತೆ. ಸೊಂಟಕ್ಕೆ ಹಗ್ಗ ಇರಲಿ. ನೀನೇ ಮೊದಲು ಹೋಗಬೇಡ. ಕಾಡಲ್ಲೂ ಅಷ್ಟೇ, ಮುಂದೆ ಹೋಗುವವನಿಗೆ ದಾರಿ ಗೊತ್ತಿರಬೇಕು, ಹಿಂದೆ ಬರುವವನಿಗೆ ಮುಂದಿನವನು ಕಾಣುತ್ತಿರಬೇಕು. ಒಬ್ಬರೇ ಎಲ್ಲೂ... ಇರಲಿ ಬಿಡು. ನಿಮ್ಮ ಗುರುಗಳಿಗೆ ಇದೆಲ್ಲ ಗೊತ್ತಿರುತ್ತೆ. ಐಸ್ ಮೇಲೆ ನಿಂತೇ ತಳದ ಕೆಸರಿಗೆ ಕೊಳವೆ ಇಳಿಸುವುದು ಸುಲಭ, ದೋಣಿಯ ಹಾಗೆ ಅಲುಗಾಡೋಲ್ಲ ಅಂತ ನೀನು ಹೇಳಿದ್ದು ನೆನಪಿದೆ. ಆದರೂ ಬರೆದೆ.

ಈಗ ಜಗಳದ ವಿಷಯ. ಅರಣ್ಯ ಇಲಾಖೆಯಲ್ಲಿ 31 ವರ್ಷ ಕಾಡಿನ ಬೆಂಕಿ ಆರಿಸಿದವನಿಗೆ ಮಗಳು ಅಮೆರಿಕದಿಂದ ಫೋನ್ ಮಾಡಿ, 'ಎಷ್ಟೋ ಕಾಡಿಗೆ ಬೆಂಕಿಯೂ ಬೇಕು ಅಪ್ಪ' ಅಂದರೆ ಹೇಗಾಗುತ್ತೆ ಹೇಳು. ನಾನು ಸೊಪ್ಪಿನ ಕೊಂಬೆ ಹಿಡಿದು ಹೊಡೆದು ಆರಿಸಿದ್ದೆಲ್ಲ ಏನಾಯಿತು? ರೇಗಿತು.

ಆದರೆ ರಾತ್ರಿ ನಿದ್ದೆ ಬರದೆ ನೀನು ಕಳಿಸಿದ್ದನ್ನು ಮತ್ತೆ ಓದಿದೆ. ಅಲ್ಲಿನ ಯೆಲ್ಲೋಸ್ಟೋನ್ ಪಾರ್ಕಿನ ಸಿಗ್ನೆಟ್ ಸರೋವರದ ಕೆಸರಲ್ಲಿ 17,000 ವರ್ಷದ ಬೆಂಕಿ ಲೆಕ್ಕ ಸಿಕ್ಕಿದೆಯಲ್ಲ, ಅದು. ಸೆಂಟಿಮೀಟರಿನಂತೆ ಕೆಸರು ಕೊಯ್ದು, ಜರಡಿ ಹಿಡಿದು, ಉಳಿದ ಇದ್ದಿಲ ಚೂರನ್ನು ಒಂದೊಂದಾಗಿ ಎಣಿಸುವುದು. ನಿಮ್ಮಮ್ಮ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಇದಕ್ಕೆ ಡಾಕ್ಟರ್ ಪದವಿ ಕೊಡ್ತಾರಾ ಅಂತ ಒಮ್ಮೆ ನಕ್ಕಿದ್ದೆ, ತಪ್ಪಾಯಿತು. ದೊಡ್ಡ ಚೂರು ಗಾಳಿಯಲ್ಲಿ ದೂರ ಹೋಗೋಲ್ಲ, ಆದ್ದರಿಂದ ಅವು ಒಟ್ಟಾಗಿ ಸಿಕ್ಕರೆ ಬೆಂಕಿ ಹತ್ತಿರದ್ದೇ. ಸುಮಾರು 7,600 ವರ್ಷದ ಹಿಂದೆ ಒರೆಗಾನಿನಲ್ಲಿ ಸಿಡಿದ ಮಝಾಮಾ ಜ್ವಾಲಾಮುಖಿಯ ಬೂದಿ ಆ ಸೀಮೆಯ ಎಷ್ಟೋ ಸರೋವರದ ಕೆಸರಲ್ಲಿ ಒಂದು ಗೆರೆಯಾಗಿ ಕೂತಿದೆ, ಅದು ಸಿಕ್ಕರೆ ಕಾಲ ಹಿಡಿಯುವುದು ಸಲೀಸು. ಇವೆಲ್ಲ ನನ್ನಂಥವನಿಗೂ ಅರ್ಥವಾಗುತ್ತೆ. ಹತ್ತು ಸಾವಿರ ವರ್ಷದ ಹಿಂದಿನ ಆಸುಪಾಸಿನಲ್ಲಿ ಸಾವಿರ ವರ್ಷಕ್ಕೆ 10ಕ್ಕೂ ಹೆಚ್ಚು ಬೆಂಕಿ, ಈಗಿನ ಎರಡು ಸಾವಿರ ವರ್ಷದಲ್ಲಿ 2 ಅಥವಾ 3. ಈಗ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿಯಲ್ಲಿ, ಆ ಕಾಲದಲ್ಲಿ ಅಲ್ಲಿನ ಬೇಸಿಗೆಯಲ್ಲೇ ಬರುತ್ತಿತ್ತು, ಕಾಡು ಒಣಗಿ ಗರಿಗರಿ ಆಗುತ್ತಿತ್ತು. ಸುತ್ತ ಮಾತ್ರ 11,000 ವರ್ಷದಿಂದ ಅದೇ ಪೈನ್ ಮರ. ಮರ ಬದಲಾಗಲಿಲ್ಲ, ಹವೆ ಬದಲಾಯಿತು, ಬೆಂಕಿಯ ಲೆಕ್ಕವೂ ಬದಲಾಯಿತು. ಒಪ್ಪಿದೆ.

ಯೆಲ್ಲೋಸ್ಟೋನಿನ 1988ರ ಬೆಂಕಿಯದ್ದೂ ಓದಿದೆ. ಸುಮಾರು 8 ಲಕ್ಷ ಎಕರೆ, ಪಾರ್ಕಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ! ಸಾವಿರಾರು ಜನ ಬಡಿದಾಡಿದರೂ ಸೆಪ್ಟೆಂಬರ್ 11ರಂದು ಹಿಮ ಬಿದ್ದ ಮೇಲೇ ಅದು ತಣ್ಣಗಾದದ್ದು. ಅದರಲ್ಲಿ ಅತಿ ದೊಡ್ಡ ಬೆಂಕಿಯೊಂದು ಸೌದೆ ಕಡಿಯುವವನ ಸಿಗರೇಟಿನಿಂದ ಹತ್ತಿದ್ದಂತೆ. ಇದನ್ನು ನೀನು ನನಗೆ ಹೇಳಲೇ ಇಲ್ಲವಲ್ಲ ಪುಟ್ಟೀ? ಅಲ್ಲಿ ಸಿಗರೇಟು, ಇಲ್ಲಿ ಬೀಡಿ. ಇಷ್ಟರಲ್ಲಿ ನಾನು ಗೆದ್ದೆ.

ಒಂದು ಮಾತ್ರ ಬಿಡದೆ ಕಾಡಿತು. ಸಿಡಿಲಿಂದ ಹತ್ತಿದ ಬೆಂಕಿಯನ್ನು ಅದರ ಪಾಡಿಗೆ ಬಿಡೋಣ ಅಂತ ಯೆಲ್ಲೋಸ್ಟೋನಿನವರು ಶುರು ಮಾಡಿದ್ದು 1972ರಲ್ಲಿ. ನಮ್ಮ ವನ್ಯಜೀವಿ ಕಾಯ್ದೆ ಬಂದದ್ದೂ ಅದೇ ವರ್ಷ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯ ಆಯಿತು, ಅಲ್ಲಿನ ಕಾಡಿನ ಜನ ಸೋಲಿಗರ ತರಗು ಬೆಂಕಿ ನಿಂತಿತು. ಬಿಸಿಲು ಬಲಿಯುವ ಮೊದಲೇ, ನೆಲ ಇನ್ನೂ ತಂಪಿರುವಾಗ, ಬಿದ್ದ ಎಲೆಯನ್ನಷ್ಟೇ ಸುಡುತ್ತಿದ್ದ ಬೆಂಕಿ ಅದು. ಅದು ನಿಂತ ಮೇಲೇ ಲಂಟಾನ ಏರಿತು, ನೆಲ್ಲಿ ಮರಕ್ಕೆ ಉಪ್ಪಿಲು ಅನ್ನುವ ಬಂದಳಿಕೆ ಹಬ್ಬಿತು ಅಂತ ಅವರು ಹೇಳುತ್ತಲೇ ಬಂದರು. ನಾವು ಬರೆದುಕೊಳ್ಳಲಿಲ್ಲ.

ನೆಲ್ಲಿಕಾಯಿ ಅಜ್ಜ ನೆನಪಿದ್ದಾರಲ್ಲ. ಆವತ್ತು ಕ್ವಾರ್ಟರ್ಸ್ ಮುಂದೆ ಜೀಪ್ ನಿಂತಾಗ ನೀನು ಏನು ಕೇಳಿದೆ, ನಾನು ಏನಂದೆ, ನೀನು ಚೊಂಬು ಹಿಡಿದು ಎಲ್ಲಿಗೆ ಹೋದೆ, ಇದೆಲ್ಲ ನಿನಗೂ ಗೊತ್ತು ನನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ಬೇರೆ ಇದೆ.

ನಾವು ಹೋಗುವ ಹೊತ್ತಿಗೆ ಅಜ್ಜ ಹಚ್ಚಿದ್ದ ಆ ಬೆಂಕಿ ತಾನೇ ಆರಿತ್ತು. ಮೊಣಕಾಲೆತ್ತರಕ್ಕೂ ಏರಿರಲಿಲ್ಲ. ಮತ್ತಿಯ ಮರದ ಬುಡದ ತೊಗಟೆ ಬರೀ ಕಪ್ಪಾಗಿತ್ತು, ಕೈಯಿಂದ ಉಜ್ಜಿದರೆ ಹೋಗುತ್ತಿತ್ತು. ಉಜ್ಜಿ ನೋಡಿದೆ ನಾನು. ಅಜ್ಜ ಅಲ್ಲೇ ಬಂಡೆ ಮೇಲೆ ಕೂತಿದ್ದರು, ಓಡಲಿಲ್ಲ. 'ಸ್ವಾಮಿ, ಆಯ್ತು, ಇನ್ನು ಹೋಗುವ' ಅಂದರು, ನಾನು ಅವರನ್ನು ಕರೆಯಲು ಬಂದವನು ಎನ್ನುವ ಹಾಗೆ. ಸುಟ್ಟ ಜಾಗ ಹೆಜ್ಜೆ ಹಾಕಿ ಅಳೆದೆ. ಅರ್ಧ ಎಕರೆ ಆಗಲಿಲ್ಲ. ಅಷ್ಟಕ್ಕೆ ಮುದುಕನನ್ನು ಜೀಪಿನಲ್ಲಿ ತಂದರೆ ನಗುತ್ತಾರೆ ಅನ್ನಿಸಿತು. ಮಹಜರಿನಲ್ಲಿ ಐದು ಎಕರೆ ಅಂತ ಬರೆದೆ. ಯಾರೂ ಬರೆಯಿಸಲಿಲ್ಲ, ನಾನೇ ಬರೆದೆ. ಎರಡು ವಾರ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಎಳೆ ಹುಲ್ಲು ಬಂದಿತ್ತು, ಕಡವೆ ಮೇಯುತ್ತಿದ್ದವು. ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬೀಟಿಗೆ ಹೋಗತೊಡಗಿದೆ. ಅಜ್ಜ ಕೋರ್ಟಿಗೆ ಎಷ್ಟು ಸಲ ಅಲೆದರು ಅಂತ ಎಣಿಸಲಿಲ್ಲ. ಆಮೇಲೆ ನೆಲ್ಲಿಕಾಯಿ ಬರಲಿಲ್ಲ. ಅವರು ಊರು ಬಿಟ್ಟರು ಅಂತ ನಿನಗೆ ಹೇಳಿದ್ದೆ, ಬಿಟ್ಟಿರಲಿಲ್ಲ.

ಕಾಡಿಗೆ ಬೆಂಕಿ ಹಾಕಿ ಅಂತ ಈಗಲೂ ನಾನು ಹೇಳುವವನಲ್ಲ. ಮಾರ್ಚಿ ಕೊನೆಯಲ್ಲಿ, ಲಂಟಾನ ಒಣಗಿ ನಿಂತಿರುವಾಗ ಹತ್ತಿದ ಬೆಂಕಿಯ ಸದ್ದು ನೀನು ಕೇಳಿಲ್ಲ. ಕೆಸರಲ್ಲಿ ಸದ್ದು ಉಳಿಯೋಲ್ಲ. ಯಾವ ಕಾಡಿಗೆ, ಯಾವ ತಿಂಗಳಲ್ಲಿ, ಯಾರ ಕೈಯಿಂದ ಅಂತ ಕೇಳದೆ 'ಬೇಕು' ಅನ್ನಬೇಡ. ಓದಿದವರು ಒಂದು ಮಾತಂದರೆ ಜನ... ನೋಡು, ಮತ್ತೆ ಪಾಠ ಶುರು ಮಾಡಿದೆ.

ನಿಮ್ಮಮ್ಮ ಚಟ್ನಿಪುಡಿ, ಉಣ್ಣೆ ಕಾಲುಚೀಲ ಪಾರ್ಸೆಲ್ ಮಾಡಿದ್ದಾಳೆ. ಐಸಿನಿಂದ ಇಳಿದು ಸಿಗ್ನಲ್ ಸಿಕ್ಕಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು, ಅಷ್ಟು ಸಾಕು. ಕಟ್ ಮಾಡುವುದಿಲ್ಲ.

ಒಂದು ಕೇಳುವುದಿತ್ತು. 1988ರ ಬೆಂಕಿ ಆರಿ ಎಷ್ಟೋ ವರ್ಷವಾದರೂ ಸುತ್ತಲ ದಡದಿಂದ ಇದ್ದಿಲು ಸರೋವರಕ್ಕೆ ಇಳಿಯುತ್ತಲೇ ಇತ್ತು ಅಂತ ಬರೆದಿದೆಯಲ್ಲ. ಹಾಗಾದರೆ ಕ್ವಾರ್ಟರ್ಸ್ ಹಿಂದಿನ ಕೆರೆಯ ಕೆಸರಲ್ಲೂ ಅಜ್ಜನ ಬೆಂಕಿ ಇರಬೇಕು. ಅದು ಅರ್ಧ ಎಕರೆಯದೋ ಐದು ಎಕರೆಯದೋ ಅಂತ ಎಣಿಸಿ ಹೇಳಲು ಬರುತ್ತದಾ ಅಂತ ಕೇಳೋಣ ಅಂತಿದ್ದೆ. ಮೊನ್ನೆ ಆ ಕಡೆ ಹೋಗಿ ನೋಡಿಬಂದೆ. ಹೋದ ಬೇಸಿಗೆಯಲ್ಲೇ ಜೆಸಿಬಿ ಇಳಿಸಿ ಹೂಳು ಎತ್ತಿಬಿಟ್ಟಿದ್ದಾರೆ. ಅಷ್ಟೂ ಗದ್ದೆಗೆ ಹೋಯಿತಂತೆ.

ನಿಮ್ಮಪ್ಪ