ಔಷಧಿ ತೆಗೆದುಕೊಳ್ಳುತ್ತಾನೆಂದು ತರಬೇತಿಯಿಂದ ಹೊರಹಾಕಿದ್ದರ ವಿರುದ್ಧ ದೂರು

ಇವರಿಗೆ,
ಕೇಂದ್ರ ವ್ಯವಸ್ಥಾಪಕರು,
ಕೌಶಲ್ಯ ತರಬೇತಿ ಸಂಸ್ಥೆ,
ಬೆಂಗಳೂರು

ವಿಷಯ: ಮಾದಕ ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವ ಅಭ್ಯರ್ಥಿಯನ್ನು ಫ್ರಿಜ್ ಮತ್ತು ಎಸಿ ರಿಪೇರಿ ತರಬೇತಿಯಿಂದ ಕೈಬಿಟ್ಟಿರುವ ಬಗ್ಗೆ

ಮಾನ್ಯರೇ,

ವ್ಯಸನದಿಂದ ಹೊರಬರುತ್ತಿರುವವರಿಗೂ ಅವರ ಮನೆಯವರಿಗೂ ಉಚಿತ ತರಬೇತಿ, ಬಳಿಕ ಉದ್ಯೋಗ ಎಂದು ನಮ್ಮ ಬಡಾವಣೆಯಲ್ಲಿ ಕರಪತ್ರ ಹಂಚಿದವರು ನೀವು. ಅದನ್ನು ನಂಬಿ ನನ್ನ ತಮ್ಮನನ್ನು ನಿಮ್ಮಲ್ಲಿ ಸೇರಿಸಿದೆ. ಕೋರ್ಸ್ ಮುಗಿಯಲು ಕೆಲವೇ ವಾರಗಳಿರುವಾಗ ಅವನ ಹೆಸರನ್ನು ಹೊಡೆದುಹಾಕಿದ್ದೀರಿ. ಹಾಜರಾತಿ ಕೊರತೆ, ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ಪತ್ತೆ ಎಂದು ಎರಡು ಕಾರಣ ಬರೆದಿದ್ದೀರಿ. ಎರಡಕ್ಕೂ ಮೂಲ ಒಂದೇ: ವೈದ್ಯರು ಬರೆದುಕೊಟ್ಟ ಔಷಧಿಯನ್ನು ಅವನು ತಪ್ಪದೆ ತೆಗೆದುಕೊಳ್ಳುತ್ತಿದ್ದಾನೆ.

ಅವನು ಸಿಲುಕಿಕೊಂಡಿದ್ದು ಟ್ಯಾಪೆಂಟಡಾಲ್ ಎಂಬ, ಅಫೀಮಿನ ಬಗೆಯ ನೋವಿನ ಮಾತ್ರೆಗೆ. ಚೀಟಿಯಿಲ್ಲದೆ ಕೊಡಬಾರದ ಆ ಮಾತ್ರೆ ಅವನ ಕೈಗೆ ಸಲೀಸಾಗಿ ಸಿಗುತ್ತಿತ್ತು. ಈಗ ಸರ್ಕಾರಿ ಆಸ್ಪತ್ರೆಯ ಓಎಸ್‌ಟಿ (ಮಾದಕ ವಸ್ತುವಿನ ಬದಲು ವೈದ್ಯರ ನಿಗಾದಲ್ಲಿ ಔಷಧಿ ಕೊಡುವ ಚಿಕಿತ್ಸೆ) ಕೇಂದ್ರದಲ್ಲಿ ಬ್ಯುಪ್ರಿನಾರ್ಫಿನ್ ಎಂಬ ಔಷಧಿ ಪಡೆಯುತ್ತಿದ್ದಾನೆ. ಅಲ್ಲಿ ನರ್ಸ್ ಮಾತ್ರೆಯನ್ನು ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ. ಅದು ಕರಗುವವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು. ನೀರು ಕುಡಿಯುವಂತಿಲ್ಲ, ಮಾತನಾಡುವಂತಿಲ್ಲ. ನುಂಗಿಬಿಟ್ಟರೆ ಔಷಧಿಯ ಬಹುಪಾಲು ವ್ಯರ್ಥ. ನಂತರ ಬಾಯಿ ತೆರೆದು ತೋರಿಸಿ, ಪುಸ್ತಕದಲ್ಲಿ ಸಹಿ ಹಾಕಿ ಹೊರಡಬೇಕು. ಕೇಂದ್ರದ ಬಾಗಿಲು ತೆರೆಯುವುದೇ ಬೆಳಿಗ್ಗೆ 9 ಗಂಟೆಗೆ. ನಿಮ್ಮ ಬೆರಳಚ್ಚು ಯಂತ್ರ ಹಾಜರಾತಿ ತೆಗೆದುಕೊಳ್ಳುವುದು 9.15ರವರೆಗೆ ಮಾತ್ರ. ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ಎರಡನ್ನೂ ಹೊಂದಿಸಿಕೊಳ್ಳುವುದು ಯಾರಿಂದಲೂ ಸಾಧ್ಯವಿಲ್ಲ. ತಡವಾಗಿ ಬಂದ ದಿನಗಳಲ್ಲಿ ಅವನು ಸಂಜೆಯವರೆಗೂ ನಿಮ್ಮ ಕಾರ್ಯಾಗಾರದಲ್ಲೇ ಇದ್ದಾನೆ, ತಾಮ್ರದ ಕೊಳವೆ ಬೆಸೆಯುತ್ತಲೇ ಇದ್ದಾನೆ. ನಿಮ್ಮ ಹಾಜರಾತಿ ದಾಖಲೆಯಲ್ಲಿ ಮಾತ್ರ ಗೈರುಹಾಜರು. ಅವನು ಕೆಲಸ ಕಲಿತಿದ್ದಾನೆಯೇ ಎಂದು ನಿಮ್ಮ ಬೋಧಕರನ್ನೇ ಕೇಳಿ. ಅವರ ಬಗ್ಗೆ ನನಗೆ ಯಾವ ದೂರೂ ಇಲ್ಲ, ಗೌರವವಿದೆ.

ಇನ್ನು ಮೂತ್ರ ಪರೀಕ್ಷೆ. ನೀವು ಬಳಸಿದ ಕಿಟ್ಟಿನಲ್ಲಿ ಬೇರೆ ಬೇರೆ ವಸ್ತುಗಳಿಗೆ ಬೇರೆ ಬೇರೆ ಪಟ್ಟಿಗಳಿರುತ್ತವೆ. ಗೆರೆ ಮೂಡದ ಪಟ್ಟಿಯೇ ಪಾಸಿಟಿವ್. ನಿಮ್ಮ ಕಚೇರಿಯವರು ಕೊಟ್ಟ ಫೋಟೋದಲ್ಲಿ ಹೆರಾಯಿನ್, ಅಫೀಮಿನ ಪಟ್ಟಿಯಲ್ಲಿ ಗೆರೆ ಸ್ಪಷ್ಟವಾಗಿದೆ. ಗಾಂಜಾ ಪಟ್ಟಿಯಲ್ಲೂ ಇದೆ. ಗೆರೆಯಿಲ್ಲದಿರುವುದು ಬ್ಯುಪ್ರಿನಾರ್ಫಿನ್ ಪಟ್ಟಿಯಲ್ಲಿ ಮಾತ್ರ. ಅವನು ಔಷಧಿ ತಪ್ಪಿಸುತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಅದನ್ನೇ ನೀವು ಅಪರಾಧವಾಗಿ ಬರೆದಿದ್ದೀರಿ! ಆಸ್ಪತ್ರೆಯ ಚೀಟಿಯನ್ನು ಮೇಜಿನ ಮೇಲೆ ಇಟ್ಟಾಗ ನಿಮ್ಮ ಸಂಯೋಜಕರು, "ಒಂದು ಚಟ ಬಿಡಿಸಿ ಇನ್ನೊಂದು ಚಟ ಹಚ್ಚಿದ್ದಾರೆ, ಅಷ್ಟೇ. ಮಾತ್ರೆ ಬಿಟ್ಟು ಬರಲಿ, ಮುಂದಿನ ಬ್ಯಾಚ್‌ಗೆ ಸೇರಿಸಿಕೊಳ್ಳೋಣ" ಎಂದರು.

ಈ ಮಾತಿಗಾಗಿಯೇ ನಾನು ಮುಖ್ಯವಾಗಿ ಈ ಪತ್ರ ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬ್ಯುಪ್ರಿನಾರ್ಫಿನ್ ಅನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ಸರ್ಕಾರವೇ ಅದನ್ನು ಉಚಿತವಾಗಿ ಕೊಡುತ್ತಿದೆ. ಅದು ಮಿದುಳಿನಲ್ಲಿ ಮಾದಕಗಳು ಕೂರುವ ಜಾಗವನ್ನೇ ಹಿಡಿದುಕೊಂಡು ಮೈನೋವು, ನಡುಕ, ತಡೆಯಲಾರದ ಹಂಬಲವನ್ನು ತಗ್ಗಿಸುತ್ತದೆ. ಸರಿಯಾದ ಪ್ರಮಾಣಕ್ಕೆ ಹೊಂದಿಕೊಂಡವನು ಮಂಪರಿನಲ್ಲಿ ತೂಗಾಡುವುದಿಲ್ಲ, ಎಲ್ಲರಂತೆ ದುಡಿಯುತ್ತಾನೆ. ಇದನ್ನು ಏಕಾಏಕಿ ನಿಲ್ಲಿಸಿದವರು ಮರಳಿ ಚಟಕ್ಕೆ ಬೀಳುವ ಅಪಾಯ ಬಹಳ ಹೆಚ್ಚು. ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟೇ ಪ್ರಮಾಣವನ್ನು ಮತ್ತೆ ತೆಗೆದುಕೊಂಡರೆ ಉಸಿರಾಟವೇ ನಿಂತುಹೋಗಬಹುದು. "ಮಾತ್ರೆ ಬಿಟ್ಟು ಬರಲಿ" ಎನ್ನುವವರಿಗೆ ತಾವು ಏನನ್ನು ಕೇಳುತ್ತಿದ್ದೇವೆಂದು ತಿಳಿದಿರಬೇಕು. ಔಷಧಿ ನಿಲ್ಲಿಸುವ ತೀರ್ಮಾನ ವೈದ್ಯರದು, ತರಬೇತಿ ಸಂಸ್ಥೆಯ ಸಂಯೋಜಕರದಲ್ಲ.

ನಮ್ಮ ಬೀದಿಯಲ್ಲೇ ಒಬ್ಬ ಹೆಣ್ಣುಮಗಳ ಗಂಡ ಇಂಥದೇ ಚಟದಿಂದ ಪ್ರಾಣ ಬಿಟ್ಟಿದ್ದಾನೆ. ಇಬ್ಬರು ಮಕ್ಕಳನ್ನು ಸಾಕಬೇಕಾದ ಆಕೆ ನಿಮ್ಮ ಹೊಲಿಗೆ ತರಬೇತಿಗೆ ಬಂದಾಗ, ಗಂಡ ವ್ಯಸನಮುಕ್ತಿ ಕೇಂದ್ರದಿಂದ ಬಿಡುಗಡೆಯಾದ ಪತ್ರ ತರಲು ಹೇಳಿ ವಾಪಸು ಕಳುಹಿಸಿದಿರಿ. ಚಿಕಿತ್ಸೆಯೇ ಸಿಗದೆ ಸತ್ತವನ ಬಿಡುಗಡೆ ಪತ್ರವನ್ನು ಆಕೆ ಎಲ್ಲಿಂದ ತರಬೇಕು? ಕರಪತ್ರದಲ್ಲಿ ಮನೆಯವರಿಗೂ ಎಂದು ಅಚ್ಚು ಹಾಕಿಸಿದವರು ನೀವೇ ಅಲ್ಲವೇ?

ಪ್ರಮಾಣಪತ್ರದ ವಿಷಯವನ್ನೂ ಹೇಳಲೇಬೇಕು. ಹಿಂದಿನ ಬ್ಯಾಚಿನವರಿಗೆ ನೀವು ಕೊಟ್ಟ ಪತ್ರದ ತಲೆಯಲ್ಲೇ "ಮಾದಕ ವ್ಯಸನಿಗಳ ಪುನರ್ವಸತಿ ಯೋಜನೆ" ಎಂದಿದೆ. ಅದನ್ನು ಹಿಡಿದು ಎಸಿ ಸರ್ವಿಸ್ ಅಂಗಡಿಗೆ ಹೋದ ಹುಡುಗನನ್ನು ಯಾರು ಮನೆಮನೆಗೆ ಕಳುಹಿಸುತ್ತಾರೆ? ಅಭ್ಯರ್ಥಿಗಳ ಗುಂಪು ಫೋಟೋವನ್ನು ಯೋಜನೆಯ ಹೆಸರಿನ ಬ್ಯಾನರ್ ಸಮೇತ ಫೇಸ್‌ಬುಕ್‌ಗೆ ಹಾಕಿದ್ದೀರಿ. ಯಾರ ಒಪ್ಪಿಗೆಯನ್ನೂ ಕೇಳಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದು, ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕನ್ನು ರೋಗಿಗೆ ಕೊಟ್ಟಿದೆ. ಮಾದಕ ವಸ್ತುಗಳ ವಿಷಯದಲ್ಲಿ ಅಷ್ಟು ಕಠಿಣವಾದ 1985ರ ಎನ್‌ಡಿಪಿಎಸ್ ಕಾಯ್ದೆ ಕೂಡ, ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ 64ಎ ಕಲಮಿನಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಕಾನೂನು ತೋರಿಸುವ ಈ ಕರುಣೆಯನ್ನು, ಇಂಥವರ ಹೆಸರಿನಲ್ಲೇ ಸಾರ್ವಜನಿಕ ಹಣ ಪಡೆಯುವ ಸಂಸ್ಥೆ ತೋರಿಸಲಾರದೇ?

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಇಬ್ಬರು ಅಫೀಮು, ಹೆರಾಯಿನ್ ಅಥವಾ ಇದೇ ಬಗೆಯ ಮಾತ್ರೆಗಳನ್ನು ಬಳಸುತ್ತಾರೆ. ಅವರಿಗೆ ಉದ್ಯೋಗ ತರಬೇತಿ ಕೊಡುವುದನ್ನು ಮಾದಕ ವಸ್ತುಗಳ ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲೇ ಸೇರಿಸಲಾಗಿದೆ. ಕೈಗೆ ಕೆಲಸವಿಲ್ಲದ ದಿನಗಳೇ ನನ್ನ ತಮ್ಮನಿಗೆ ಅತ್ಯಂತ ಕಷ್ಟದ ದಿನಗಳು. ನಿಮ್ಮ ಕಾರ್ಯಾಗಾರಕ್ಕೆ ಹೋಗತೊಡಗಿದ ಮೇಲೆ ಅವನು ರಾತ್ರಿ ಊಟಕ್ಕೆ ಕುಳಿತಾಗ ಕಂಪ್ರೆಸರ್ ವಿಷಯ ಮಾತನಾಡುತ್ತಿದ್ದ. ನಮ್ಮ ಅಮ್ಮ ಅರ್ಥವಾಗದಿದ್ದರೂ ಬಿಟ್ಟ ಕಣ್ಣು ಬಿಟ್ಟಂತೆ ಕೇಳುತ್ತಿದ್ದರು.

ಆದ್ದರಿಂದ ಅವನನ್ನು ಇದೇ ಬ್ಯಾಚಿಗೆ ಮರಳಿ ಸೇರಿಸಿಕೊಂಡು ಅಂತಿಮ ಪರೀಕ್ಷೆಗೆ ಕೂರಿಸಬೇಕು. ಓಎಸ್‌ಟಿ ಪಡೆಯುವ ಎಲ್ಲರಿಗೂ ಹಾಜರಾತಿಯ ಸಮಯವನ್ನು 10.30ರವರೆಗೆ ವಿಸ್ತರಿಸಬೇಕು, ಅಗತ್ಯವಿದ್ದರೆ ಆಸ್ಪತ್ರೆಯ ಸಹಿ ಪುಸ್ತಕದ ಪ್ರತಿಯನ್ನು ತಂದುಕೊಡುತ್ತೇನೆ. ಅವನ ದಾಖಲೆಯಿಂದ "ಮಾದಕ ವಸ್ತು ಪತ್ತೆ" ಎಂಬ ಷರಾವನ್ನು ತೆಗೆದುಹಾಕಬೇಕು. ಯೋಜನೆಯ ಹೆಸರಿಲ್ಲದ ಪ್ರಮಾಣಪತ್ರಗಳನ್ನು ಹಿಂದಿನವರಿಗೂ ಹೊಸದಾಗಿ ಕೊಡಬೇಕು, ಫೋಟೋಗಳನ್ನು ಇಂದೇ ಅಳಿಸಬೇಕು. ಹೊಲಿಗೆ ತರಬೇತಿಗೆ ಬಂದಿದ್ದ ಹೆಣ್ಣುಮಗಳನ್ನು ಕರೆಸಿ ಸೇರಿಸಿಕೊಳ್ಳಬೇಕು.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಆಸ್ಪತ್ರೆಯ ಚೀಟಿ, ಪರೀಕ್ಷಾ ಕಿಟ್ಟಿನ ಫೋಟೋ ಹಾಗೂ ನಿಮ್ಮ ಕರಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಅಭ್ಯರ್ಥಿಯ ಅಕ್ಕ

ಪ್ರತಿ: ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿ